ಅಪ್ಪನ ಕೋಣೆಗೆ ತಲುಪದ ವೈ-ಫೈ

ಎರಡು ಕಂತುಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮ ಮನೆಗೆ ಹಾಕಿಸಿದ ಮೆಶ್ ವೈ-ಫೈಯನ್ನು ಬಾಯ್ತುಂಬ ಹೊಗಳಿದ್ದೆ. ಅದನ್ನು ಓದಿ ನಾಲ್ಕೈದು ಜನ ಅದೇ ಥರದ್ದನ್ನು ಕೊಂಡೆವು ಅಂತ ಬರೆದರು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಆ ಬರಹಕ್ಕೊಂದು ತಿದ್ದುಪಡಿ. ಸಾಧನ ಕೆಟ್ಟದ್ದಲ್ಲ. ನಾನು ಅಳೆದ ರೀತಿ ಸರಿಯಿರಲಿಲ್ಲ.

ಏಲೂರಿನಲ್ಲಿ ಸಂಜೆ ಏಳರ ಮೇಲೆ ಸೊಳ್ಳೆಗಳದೇ ಕಾರುಬಾರು. ಸುತ್ತ ಪೆರಿಯಾರ್ ನದಿ, ನಡುವೆ ಊರು, ಅದರ ಮಧ್ಯೆ ಕಾರ್ಖಾನೆಗಳು. 1947ರಲ್ಲಿ ಇಲ್ಲಿ ಉತ್ಪಾದನೆ ಶುರುಮಾಡಿದ ಫ್ಯಾಕ್ಟ್ ಗೊಬ್ಬರ ಕಾರ್ಖಾನೆಯಿಂದಲೇ ಊರಿಗೆ ಹೆಸರು. ಅಂಥ ಸಂಜೆಯಲ್ಲಿ ಅಪ್ಪ ಮನೆಯ ಎದುರಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೊಳ್ಳೆ ಬ್ಯಾಟು. ಪುತ್ತೂರಿನ ಹತ್ತಿರ ಹಳ್ಳಿಯಲ್ಲಿರುವ ಅತ್ತೆಯ ಜೊತೆ ದಿನಾ ವಿಡಿಯೋ ಕಾಲ್. ಅತ್ತೆಗೆ ಈಗ 79. ಕಿವಿ ತುಂಬ ಮಂದ. ಕಿವಿಯ ಮಿಷನ್ ಕುಂಯ್‌ಗುಟ್ಟುತ್ತದೆ ಅಂತ ಅದನ್ನು ಡಬ್ಬಿಯಲ್ಲೇ ಇಟ್ಟಿದ್ದಾರೆ. ತಮ್ಮನ ಬಾಯಿ ನೋಡಿಕೊಂಡೇ ಮಾತು ಅರ್ಥಮಾಡಿಕೊಳ್ಳುವುದು ಅವರಿಗೆ ಅಭ್ಯಾಸ. ಬರೀ ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ತಲುಪುವುದಿಲ್ಲ.

ಅಪ್ಪನಿಗೆ ಹೊರಗಿನ ಗಾಳಿ ಇಷ್ಟ ಅಂದುಕೊಂಡು ನಾಲ್ಕು ತಿಂಗಳು ಸುಮ್ಮನಿದ್ದೆ. ಒಂದು ದಿನ ಜಡಿಮಳೆ. ಆಗಲೂ ಮೆಟ್ಟಿಲ ಮೇಲೆ ಕೊಡೆ ಬಿಡಿಸಿಕೊಂಡು ಕೂತದ್ದನ್ನು ನೋಡಿ ಕೇಳಿದೆ.

"ಒಳಗೆ ಕೂತು ಮಾತಾಡಬಾರದಾ ಅಪ್ಪ?"

"ಒಳಗಿಂದ ಮಾಡಿದ್ರೆ ನನಗೆ ಅಕ್ಕ ಸರಿ ಕಾಣ್ತಾಳೆ. ಅವಳಿಗೆ ನಾನು ಕಾಣುದಿಲ್ಲ ಅಂತೆ. ನನ್ನ ಬಾಯಿ ಕಲ್ಲಿನ ಹಾಗೆ ನಿಂತುಬಿಡ್ತದಂತೆ."

"ಮತ್ತೆ ನನ್ನತ್ರ ಯಾಕೆ ಹೇಳ್ಲಿಲ್ಲ?"

"ನಿನಗೆ ಆಫೀಸಿನದ್ದೇ ಬೇಕಾದಷ್ಟುಂಟು ಮಾರಾಯ."

ಹದಿನಾಲ್ಕು ವರ್ಷದಿಂದ ನೆಟ್‌ವರ್ಕ್ ಕೆಲಸದಲ್ಲೇ ಸಂಬಳ ತೆಗೆದುಕೊಳ್ಳುತ್ತಿರುವವನಿಗೆ ಇದನ್ನು ಕೇಳಿ ಹೇಗಾಗಿರಬೇಡ! ದೀಪದ ಬುಡದಲ್ಲೇ ಕತ್ತಲೆ.

ಹಕ್ಕು ಬಾಗಿಲವರೆಗೆ, ಆಮೇಲೆ ಗೋಡೆ

ಕೇರಳದಲ್ಲಿ ಇಂಟರ್‌ನೆಟ್ಟಿಗೆ ಕೊರತೆಯಿಲ್ಲ. 2019ರ ಸೆಪ್ಟೆಂಬರಿನಲ್ಲಿ ಇಲ್ಲಿನ ಹೈಕೋರ್ಟು, ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು. 2023ರ ಜೂನ್ 5ರಂದು ಸರ್ಕಾರದ್ದೇ ಫೈಬರ್ ಜಾಲ ಕೆ-ಫೋನ್ ಉದ್ಘಾಟನೆಯಾಯಿತು. ನಮ್ಮ ಮನೆಗೂ 200 ಎಂಬಿಪಿಎಸ್‌ನ ಫೈಬರ್ ಇದೆ. ಆದರೆ ಕೋರ್ಟಾಗಲಿ ಕಂಪನಿಯಾಗಲಿ ಇಂಟರ್‌ನೆಟ್ ತಲುಪಿಸುವುದು ಗೋಡೆಗೆ ಹೊಡೆದ ಆ ಬಿಳಿ ಡಬ್ಬಿಯ ತನಕ ಮಾತ್ರ. ಅಲ್ಲಿಂದ ಅಪ್ಪನ ಮಂಚದವರೆಗಿನ ಹದಿನೈದು ಮೀಟರು ನಮ್ಮದೇ ಜವಾಬ್ದಾರಿ.

ಆ ಹದಿನೈದು ಮೀಟರಿನಲ್ಲಿ ಏನಿದೆ? ಮುರಕಲ್ಲು. ಮಂಗಳೂರು, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಅದು ಚೆಂಗಲ್ಲು ಅಥವಾ ವೆಟ್ಟುಕಲ್ಲು. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದೇ ಕಲ್ಲನ್ನು ಮಲಪ್ಪುರದ ಅಂಗಾಡಿಪುರದಲ್ಲಿ ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟ. ಮೆತ್ತಗಿರುವಾಗ ಕಡಿದು, ಗಾಳಿಗಿಟ್ಟು ಗಟ್ಟಿಮಾಡುವ ಕಲ್ಲು. ಮೈತುಂಬ ತೂತು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಒದ್ದೆ ಗೋಡೆ ಒಣ ಗೋಡೆಗಿಂತ ಹೆಚ್ಚು ರೇಡಿಯೋ ಅಲೆ ನುಂಗುತ್ತದೆ. ನಾವು ಬಾಡಿಗೆಗಿರುವ ಮನೆಯ ಹಳೇ ಭಾಗವೆಲ್ಲ ಈ ಕಲ್ಲಿನದೇ, ಒಂದೊಂದು ಗೋಡೆಯೂ ಗೇಣಿಗಿಂತ ದಪ್ಪ. ಮಹಡಿಗೆ ಕಬ್ಬಿಣದ ಸರಳಿನ ಕಾಂಕ್ರೀಟು ಸ್ಲ್ಯಾಬು. ಫೈಬರ್ ಬರುವುದು ಎದುರಿನ ಸಿಟ್‌ಔಟಿಗೆ, ಅಪ್ಪನ ಕೋಣೆ ಹಿಂಬದಿಯಲ್ಲಿ, ನನ್ನ ಕೆಲಸದ ಕೋಣೆ ಮಹಡಿಯಲ್ಲಿ. ಬಾಡಿಗೆಗೆ ಬರುವಾಗ ನೀರು ನೋಡಿದೆವು, ಗಾಳಿ ಬೆಳಕು ನೋಡಿದೆವು. ಇದನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೆಶ್ ಅಂದರೆ ಇಷ್ಟೇ

ಒಂದೇ ರೌಟರ್ ಮನೆಯಿಡೀ ಕೂಗಿಕೊಳ್ಳುವ ಬದಲು ಎರಡು ಮೂರು ಡಬ್ಬಿಗಳು ಮಾತನ್ನು ದಾಟಿಸಿಕೊಳ್ಳುವ ವ್ಯವಸ್ಥೆಯೇ ಮೆಶ್. ಎಲ್ಲದಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನೀವು ನಡೆದಂತೆ ಫೋನು ಹತ್ತಿರದ ಡಬ್ಬಿಗೆ ಬದಲಾಗಬೇಕು, ಇದು ಸಿದ್ಧಾಂತ. ಆ ಡಬ್ಬಿಗಳಿಗೆ ನೋಡ್ ಎನ್ನುತ್ತಾರೆ. ಒಂದು ನೋಡ್‌ನಿಂದ ಇನ್ನೊಂದಕ್ಕೆ ಇರುವ ಕೊಂಡಿಗೆ ಬ್ಯಾಕ್‌ಹಾಲ್ ಎಂದು ಹೆಸರು. ಇವತ್ತಿನ ಕಥೆಯ ಮುಖ್ಯ ಪಾತ್ರ ಅದೇ.

ಅಗ್ಗದ ಮೆಶ್‌ಗಳಲ್ಲಿ ಬ್ಯಾಕ್‌ಹಾಲ್‌ಗೆ ಬೇರೆ ರೇಡಿಯೋ ಇರುವುದಿಲ್ಲ. ನಿಮ್ಮ ಫೋನಿನ ಜೊತೆ ಮಾತಾಡುವ ರೇಡಿಯೋವೇ ಹಿಂದಿನ ನೋಡ್‌ನ ಜೊತೆಗೂ ಮಾತಾಡಬೇಕು. ಒಬ್ಬನೇ ಮಾಣಿ ಅಡುಗೆಮನೆಯಿಂದ ದೋಸೆ ತಂದು, ಬಡಿಸಿ, ಮತ್ತೆ ಓಡಿದ ಹಾಗೆ. ಹಾಗಾಗಿ ಒಂದು ನೋಡ್ ದಾಟಿದರೆ ವೇಗ ಸುಮಾರು ಅರ್ಧ, ಎರಡು ದಾಟಿದರೆ ಅದರಲ್ಲೂ ಅರ್ಧ. ಮೂರು ರೇಡಿಯೋ ಇರುವ ದುಬಾರಿ ಮಾದರಿಗಳಲ್ಲಿ ಈ ಓಟಕ್ಕೇ ಬೇರೆ ಮಾಣಿ ಇರುತ್ತಾನೆ. ನೋಡ್‌ನಿಂದ ನೋಡ್‌ಗೆ ಕೇಬಲ್ ಎಳೆದುಬಿಟ್ಟರೆ ಓಟವೇ ಇಲ್ಲ.

ನನ್ನದು ಎರಡು ರೇಡಿಯೋದ, ಮೂರು ನೋಡ್‌ಗಳ ಸೆಟ್ಟು. ಒಂದು ಸಿಟ್‌ಔಟಿನ ಪಕ್ಕದ ಹಾಲ್‌ನಲ್ಲಿ, ಒಂದು ಮಹಡಿಯಲ್ಲಿ, ಒಂದು ಅಪ್ಪನ ಕೋಣೆಯ ಸ್ಟೀಲ್ ಬೀರುವಿನ ಮೇಲೆ. ಆ್ಯಪ್‌ನಲ್ಲಿ ಮೂರಕ್ಕೂ ಹಸಿರು ಚುಕ್ಕೆ. ಮಹಡಿಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ, ಡೌನ್‌ಲೋಡ್ 90 ದಾಟಿತು. ಹಿಗ್ಗಿ ಅಂಕಣ ಬರೆದೆ. ಅಪ್ಪನ ಮಂಚದ ಮೇಲೆ ಕೂತು ಒಮ್ಮೆಯೂ ನೋಡಿರಲಿಲ್ಲ. ಎಲ್ಲಿಯೂ ಅಪ್‌ಲೋಡ್ ನೋಡಿರಲಿಲ್ಲ.

ಎರಡನೇ ಸಲ ಅಳೆದದ್ದು

ಸ್ಪೀಡ್ ಟೆಸ್ಟ್ ತಾಣಗಳು ಹತ್ತು ಹದಿನೈದು ಸೆಕೆಂಡು ಹಲವು ಕೊಂಡಿಗಳನ್ನು ಒಟ್ಟಿಗೆ ತೆರೆದು, ಎಷ್ಟು ಹರಿಯಿತು ಅಂತ ಹೇಳುತ್ತವೆ. ದೊಡ್ಡ ಫೈಲ್ ಇಳಿಸುವವರಿಗೆ ಅದು ಸಾಕು. ವಿಡಿಯೋ ಕಾಲ್‌ಗೆ ಬೇಕಾಗುವುದು ಎರಡೂ ದಿಕ್ಕಿಗೆ ಒಂದೆರಡು ಎಂಬಿಪಿಎಸ್ ಮಾತ್ರ, ಆದರೆ ಅದು ಅರ್ಧ ಗಂಟೆ ತುಂಡಾಗದೆ ಬರಬೇಕು. ಇದಲ್ಲದೆ, ಆ ಪರೀಕ್ಷೆಯಲ್ಲಿ ಕಂಪನಿಯ ಲೈನೂ ಮನೆಯ ವೈ-ಫೈಯೂ ಕಲಸಿಹೋಗುತ್ತವೆ. ತಪ್ಪು ಯಾರದು ಎಂದು ತಿಳಿಯುವುದಿಲ್ಲ.

ಆದ್ದರಿಂದ ಮನೆಯೊಳಗಿನದ್ದನ್ನಷ್ಟೇ ಅಳೆದೆ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಮುಖ್ಯ ರೌಟರ್‌ಗೆ ಸಿಕ್ಕಿಸಿ ಅದರಲ್ಲಿ ಐಪರ್ಫ್3 ಎಂಬ ಉಚಿತ ತಂತ್ರಾಂಶ ಓಡಿಸಿದೆ. ಅಪ್ಪನದೇ ಫೋನಿನಲ್ಲಿ ಅದರ ಆ್ಯಪ್ ಹಾಕಿ, ಅಪ್ಪ ಕೂರುವ ಜಾಗದಲ್ಲೇ ಕೂತೆ. ಐಪರ್ಫ್ ಸುಮ್ಮನೆ ಓಡಿಸಿದರೆ ಫೋನಿನಿಂದ ಹೊರಗೆ ಹೋಗುವುದನ್ನು ಅಳೆಯುತ್ತದೆ, ರಿವರ್ಸ್ ಆಯ್ಕೆ ಕೊಟ್ಟರೆ ಒಳಗೆ ಬರುವುದನ್ನು. ಜೊತೆಗೆ ಮುಖ್ಯ ರೌಟರ್‌ಗೆ ಸೆಕೆಂಡಿಗೊಂದರಂತೆ ಹತ್ತು ನಿಮಿಷ ಪಿಂಗ್. 600ರಲ್ಲಿ ಎಷ್ಟು ಕಳೆದುಹೋದವು, ಎಷ್ಟು ತಡವಾದವು ಎಂಬ ಲೆಕ್ಕ. ಎಲ್ಲವನ್ನೂ ಸಂಜೆ ಏಳಕ್ಕೇ ಮಾಡಿದೆ, ಅಪ್ಪ ಮಾತಾಡುವ ಹೊತ್ತಿಗೆ.

ಒಳಗೆ ಬರುವುದು 38 ಎಂಬಿಪಿಎಸ್. ಹೊರಗೆ ಹೋಗುವುದು ಒಂದಕ್ಕೂ ಮೂರಕ್ಕೂ ನಡುವೆ ಹೊಯ್ದಾಟ. ಪಿಂಗ್ 600ರಲ್ಲಿ 41 ನಾಪತ್ತೆ. ಅಪ್ಪ ಹೇಳಿದ್ದು ಅಕ್ಷರಶಃ ನಿಜ: ಅತ್ತೆ ಕಾಣುತ್ತಾರೆ, ಅಪ್ಪ ಕಾಣುವುದಿಲ್ಲ.

ಕಾರಣ ಹುಡುಕಿದರೆ, ಪಕ್ಕದಲ್ಲೇ ಬೀರುವಿನ ಮೇಲೆ ನೋಡ್ ಇದ್ದರೂ ಫೋನು ಹಾಲ್‌ನ ಮುಖ್ಯ ರೌಟರನ್ನೇ ಹಿಡಿದುಕೊಂಡಿತ್ತು. ಯಾವ ಡಬ್ಬಿಗೆ ಅಂಟಿಕೊಳ್ಳಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನೇ ಹೊರತು ಮೆಶ್ ಅಲ್ಲ. ಡಬ್ಬಿಯ ಮೇಲೆ ಅಚ್ಚಾಗಿರುವ 802.11 ಕೆ ಮತ್ತು ವಿ ಎಂಬ ಸೌಲಭ್ಯಗಳು ಫೋನಿಗೆ ಸಲಹೆ ಕೊಡುತ್ತವೆ, ಆರ್ ಎಂಬುದು ಬದಲಾವಣೆಯನ್ನು ಬೇಗ ಮುಗಿಸುತ್ತದೆ. ಸಲಹೆ ಕೇಳುವುದು ಬಿಡುವುದು ಫೋನಿನ ಇಷ್ಟ. ಅಪ್ಪ ಹಾಲ್‌ನಲ್ಲಿ ಕಾಫಿ ಕುಡಿದು ಕೋಣೆಗೆ ಹೋದರೆ, ಫೋನು ಹಳೇ ಸಂಬಂಧವನ್ನೇ ಮುಂದುವರಿಸುತ್ತಿತ್ತು. ರೌಟರ್‌ನ ದನಿ ದೊಡ್ಡದು, ಎರಡು ಗೋಡೆ ದಾಟಿ ಫೋನಿಗೆ ಕೇಳಿಸುತ್ತದೆ. ಫೋನಿನ ದನಿ ಚಿಕ್ಕದು, ಅದು ಹಿಂದಿರುಗಿ ರೌಟರ್‌ಗೆ ಕೇಳಿಸುವುದಿಲ್ಲ. ಪರದೆಯ ಮೇಲಿನ ಕಡ್ಡಿಗಳು ತೋರಿಸುವುದು ಫೋನಿಗೆ ಕೇಳಿಸಿದ್ದನ್ನು ಮಾತ್ರ.

ಸರಿ, ಫೋನಿನ ವೈ-ಫೈ ಆರಿಸಿ ಮತ್ತೆ ಹಚ್ಚಿ, ಕೋಣೆಯ ನೋಡ್‌ಗೆ ಸೇರಿಸಿದೆ. ಕಡ್ಡಿಗಳೆಲ್ಲ ತುಂಬಿದವು. ಆದರೆ ಈಗ ಎರಡೂ ಕಡೆ ಮುಖ ನಿಂತವು! ನೋಡ್‌ಗೂ ಫೋನಿಗೂ ಚೆನ್ನಾಗಿಯೇ ಇತ್ತು. ಆ ನೋಡ್‌ಗೆ ಹಾಲ್‌ನ ರೌಟರ್ ಕೇಳಿಸುತ್ತಿದ್ದುದು ಮೈನಸ್ 79 ಡಿಬಿಎಂನಲ್ಲಿ. ವಿಡಿಯೋ ಕಾಲ್‌ಗೆ ಮೈನಸ್ 67ರ ಸುತ್ತಮುತ್ತ ಇರಬೇಕು. ಈ ಅಂಕಿ 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ. 12 ಕಡಿಮೆ ಎಂದರೆ ಹದಿನಾರನೇ ಒಂದು ಭಾಗ. ಸಿಗ್ನಲ್ ಸಿಗದ ಜಾಗದಲ್ಲೇ ನೋಡ್ ಇಟ್ಟು ಅಲ್ಲಿ ಸಿಗ್ನಲ್ ಬರಲಿ ಎಂದು ಬಯಸಿದ್ದೆ. ಬತ್ತಿದ ಬಾವಿಗೆ ಪಂಪು ಇಳಿಸಿದಂತೆ.

ಸರಿಮಾಡಿದ ಕ್ರಮ

ಮೊದಲು ದುಡ್ಡು ಖರ್ಚಿಲ್ಲದ್ದು. ಬೀರುವಿನ ಮೇಲಿದ್ದ ನೋಡನ್ನು ಊಟದ ಕೋಣೆಯ ಕಪಾಟಿಗೆ ತಂದೆ. ಅಲ್ಲಿಂದ ಹಾಲ್‌ಗೆ ಒಂದು ಗೋಡೆ, ಅಪ್ಪನ ಕೋಣೆಗೆ ಒಂದು ಗೋಡೆ. ಬ್ಯಾಕ್‌ಹಾಲ್ ಮೈನಸ್ 63ಕ್ಕೆ ಬಂತು. ಅಪ್ಪನ ಮಂಚದಿಂದ ಹೊರಗೆ ಹೋಗುವ ವೇಗ 22 ಎಂಬಿಪಿಎಸ್, ಕಳೆದುಹೋದ ಪಿಂಗ್ 600ರಲ್ಲಿ 6. ನಿಮ್ಮಲ್ಲಿ ಬಹಳಷ್ಟು ಮಂದಿಗೆ ಇಷ್ಟೇ ಸಾಕು. ನೋಡ್ ಇಡಬೇಕಾದ್ದು ಸಿಗ್ನಲ್ ಸತ್ತ ಜಾಗದಲ್ಲಲ್ಲ, ಅರ್ಧ ದಾರಿಯಲ್ಲಿ.

ಎರಡು ರಾತ್ರಿ ಜೋರು ಮಳೆ ಬಂದಾಗ ಮತ್ತೆ ಅಲ್ಲಲ್ಲಿ ತಡೆ. ಹಾಗಾಗಿ ಕೇಬಲ್ಲೇ ಎಳೆಯೋಣ ಎಂದು ಮನೆಯ ಮಾಲೀಕರನ್ನು ಕೇಳಿದೆ. ಅವರು ಎರಡು ಮಾತು ಹೇಳಿದರು. ಒಂದು, ಗೋಡೆಗೆ ತೂತು ಕೊರೆಯಬೇಡಿ. ಎರಡು, ಹೊರಗೋಡೆಯ ಮೇಲೆ ಎಳೆಯಬೇಡಿ, ತುಲಾವರ್ಷದ ಸಿಡಿಲಿಗೆ ಅವರ ಟಿವಿ ಒಮ್ಮೆ ಹೋಗಿದೆಯಂತೆ. ಎರಡನೆಯದು ನಮ್ಮಂಥ ಎಂಜಿನಿಯರುಗಳು ಮರೆಯುವ ವಿಷಯ. ಅಕ್ಟೋಬರ್, ನವೆಂಬರಿನ ಸಂಜೆ ಇಲ್ಲಿ ಗುಡುಗು ಸಿಡಿಲು ಮಾಮೂಲು. ಹೊರಗೆ ಹಾದುಹೋದ ತಾಮ್ರದ ತಂತಿ ಹತ್ತಿರ ಬಿದ್ದ ಸಿಡಿಲಿನ ಏಟನ್ನು ಒಳಗಿನ ಯಂತ್ರಗಳಿಗೆ ತರಬಲ್ಲದು.

ದಾರಿ ತೋರಿಸಿದ್ದು ಹಳೇ ಮನೆಯೇ. ಪ್ರತಿ ಬಾಗಿಲ ಮೇಲೂ ಗಾಳಿಕಿಂಡಿ ಇದೆ. ಅದರ ಮೂಲಕವೇ, ಸೂರಿನ ಮೂಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ, 22 ಮೀಟರ್ ಕ್ಯಾಟ್-6 ಕೇಬಲ್ ಹಾದುಹೋಯಿತು. ಮೊದಲ ಸಲ ವೇಗ 94ಕ್ಕೇ ನಿಂತಿತು. ತುದಿಯಲ್ಲಿ ಎಂಟು ತಂತಿಗಳಲ್ಲಿ ಒಂದು ಸರಿಯಾಗಿ ಕಚ್ಚಿರಲಿಲ್ಲ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎಲ್ಲಾದರೂ 94ರ ಆಸುಪಾಸಿನಲ್ಲೇ ವೇಗ ನಿಂತುಬಿಟ್ಟರೆ ಮೊದಲು ಕೇಬಲ್ಲಿನ ತುದಿ ನೋಡಿ, ಆಮೇಲೆ ಡಬ್ಬಿಯ ಪೋರ್ಟು ಗಿಗಾಬಿಟ್ ಹೌದೋ ನೋಡಿ. ತುದಿ ಕತ್ತರಿಸಿ ಮತ್ತೆ ಒತ್ತಿದ ಮೇಲೆ, ನೋಡ್ ವಾಪಸ್ ಅಪ್ಪನ ಕೋಣೆಗೆ ಹೋಯಿತು, ಬೀರುವಿನ ಮೇಲಲ್ಲ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ. ಅಪ್ಪನ ಮಂಚದಿಂದ ಎರಡೂ ದಿಕ್ಕಿಗೆ 300ಕ್ಕೂ ಹೆಚ್ಚು. ಪಿಂಗ್ 600ರಲ್ಲಿ 600ಕ್ಕೂ ಉತ್ತರ ಬಂತು.

ಫೋನಿನ ಅಂಟು ಮಾತ್ರ ಉಳಿದಿತ್ತು. ಅದಕ್ಕೆ ಮುಖ್ಯ ರೌಟರ್‌ನ ದನಿಯನ್ನೇ ತಗ್ಗಿಸಿದೆ. ಸೆಟ್ಟಿಂಗಿನಲ್ಲಿ ಟ್ರಾನ್ಸ್‌ಮಿಟ್ ಪವರ್ 'ಹೈ' ಇದ್ದದ್ದನ್ನು 'ಮೀಡಿಯಂ' ಮಾಡಿದೆ. ಈಗ ಅಪ್ಪ ಊಟದ ಕೋಣೆ ದಾಟುವಾಗಲೇ ಫೋನು ಹೊಸ ಡಬ್ಬಿ ಹುಡುಕಿಕೊಳ್ಳುತ್ತದೆ. ಶಕ್ತಿ ಕಮ್ಮಿ ಮಾಡಿ ಸಂಪರ್ಕ ಉತ್ತಮವಾಯಿತು ಎಂದರೆ ನನ್ನ ಹೆಂಡತಿ ಇನ್ನೂ ನಂಬಿಲ್ಲ.

ಇನ್ನೊಂದು ಸಣ್ಣ ಮಾತು. ಕರೆಂಟು ಹೋದಾಗ ಮುಖ್ಯ ರೌಟರ್ ಮಾತ್ರ ಇನ್ವರ್ಟರಿನಲ್ಲಿದ್ದರೆ ಸಾಲದು, ನೋಡ್‌ಗಳಿಗೂ ಆ ಲೈನಿನ ಪ್ಲಗ್ಗೇ ಬೇಕು. ಇಲ್ಲವಾದರೆ ಕರೆಂಟು ಹೋದ ತಕ್ಷಣ ಮನೆ ಮತ್ತೆ ಒಂದೇ ರೌಟರಿನ ಮನೆ.

ತಿರುವನಂತಪುರದ ಫ್ಲ್ಯಾಟಿನ ಕತೆ ಬೇರೆ

ತಿಂಗಳಿಗೊಮ್ಮೆ ನಾನು ಟೆಕ್ನೋಪಾರ್ಕಿನ ಆಫೀಸಿಗೆ ಹೋದಾಗ ಕಳಕೂಟ್ಟಂನಲ್ಲಿ ಹಾಸನದ ಗೆಳೆಯನ ಫ್ಲ್ಯಾಟಿನಲ್ಲಿ ಉಳಿಯುತ್ತೇನೆ. ಅವನೂ ಮೆಶ್ ಕೊಳ್ಳಲು ಹೊರಟಿದ್ದ. ಎರಡು ಬೆಡ್‌ರೂಮಿನ ಮನೆ, ತೆಳು ಬ್ಲಾಕಿನ ಗೋಡೆ. ಮೂಲೆ ಮೂಲೆಗೂ ಸಿಗ್ನಲ್ ಮೈನಸ್ 60ರ ಒಳಗೇ ಇತ್ತು. ತೊಂದರೆ ಗೋಡೆಯದ್ದಲ್ಲ, ನೆರೆಹೊರೆಯದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅವನ ಫೋನಿಗೆ ಅಕ್ಕಪಕ್ಕದ ಮೂವತ್ತಕ್ಕೂ ಹೆಚ್ಚು ವೈ-ಫೈಗಳು ಕಾಣುತ್ತಿದ್ದವು. ಮದುವೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಂತೆ. ಅಲ್ಲಿಗೆ ಇನ್ನೆರಡು ನೋಡ್ ತಂದರೆ ಗದ್ದಲಕ್ಕೆ ಇನ್ನಿಬ್ಬರು ಸೇರಿದಂತೆಯೇ.

ಅವನಿಗೆ 5 ಗಿಗಾಹರ್ಟ್ಸ್‌ಗೆ ಹೋಗು ಎಂದೆ. 2018ರಲ್ಲಿ ಭಾರತ ಸರ್ಕಾರ ಲೈಸೆನ್ಸ್ ಬೇಡದ 5 ಗಿಗಾಹರ್ಟ್ಸ್ ಪಟ್ಟಿಯನ್ನು 605 ಮೆಗಾಹರ್ಟ್ಸ್‌ಗೆ ವಿಸ್ತರಿಸಿದೆ, ಜಾಗ ಧಾರಾಳ. ಹೋದ. ಆದರೆ ಆಗಾಗ ಒಂದು ನಿಮಿಷ ವೈ-ಫೈ ಮಾಯ. ರೌಟರ್‌ನ ಲಾಗ್ ತೆಗೆದರೆ 'ರೇಡಾರ್ ಪತ್ತೆ' ಎಂಬ ಸಾಲು! ಈ ಪಟ್ಟಿಯ ನಡುವಿನ ಚಾನೆಲ್‌ಗಳಲ್ಲಿ ರೇಡಾರ್‌ಗಳಿಗೆ ಮೊದಲ ಮರ್ಯಾದೆ. ರೌಟರ್‌ಗೆ ರೇಡಾರಿನಂಥ ಸದ್ದು ಕೇಳಿಸಿದರೆ ಚಾನೆಲ್ ಬಿಟ್ಟು, ಹೊಸದರಲ್ಲಿ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು. ಹತ್ತಿರದ ತುಂಬಾದಲ್ಲಿರುವ ಹವಾಮಾನ ರೇಡಾರ್ ಸಿ-ಬ್ಯಾಂಡಿನದು, ಅಂದರೆ ಇದೇ ಆಸುಪಾಸಿನ ತರಂಗಗಳು. ಅದರ ಸದ್ದೋ, ರೌಟರ್‌ನ ಭ್ರಮೆಯೋ, ಪರಿಹಾರ ಒಂದೇ: ಚಾನೆಲನ್ನು 'ಆಟೋ'ದಿಂದ ತೆಗೆದು 36ರಿಂದ 48ರೊಳಗೆ ಕೂರಿಸಿದೆವು. ಮೆಶ್‌ನ ದುಡ್ಡು ಉಳಿಯಿತು.

ಕೊಳ್ಳುವ ಮುಂಚೆ

ಬೆಂಗಳೂರು, ಮುಂಬೈ, ಪುಣೆಗಳ ಫ್ಲ್ಯಾಟಿನಲ್ಲಿರುವ ಓದುಗರೇ, ಮೊದಲು ಈಗಿನ ರೌಟರನ್ನು ಟಿವಿಯ ಹಿಂದಿನಿಂದ ಈಚೆ ತೆಗೆದು ಎತ್ತರದಲ್ಲಿಡಿ. ಫೋನಿಗೆ ಒಂದು ಉಚಿತ ವೈ-ಫೈ ಅನಲೈಸರ್ ಹಾಕಿಕೊಂಡು ಕೋಣೆ ಕೋಣೆಗೂ ಹೋಗಿ ಡಿಬಿಎಂ ಬರೆದುಕೊಳ್ಳಿ. ಎಲ್ಲೆಡೆ ಮೈನಸ್ 67ರ ಒಳಗಿದ್ದೂ ತೊಂದರೆಯಿದ್ದರೆ ಅದು ಚಾನೆಲ್‌ನ ಗದ್ದಲ ಅಥವಾ ಕಂಪನಿಯ ಲೈನು, ಮೆಶ್ ಅದನ್ನು ಗುಣಪಡಿಸದು. ಒಂದೆರಡು ಕೋಣೆ ಮಾತ್ರ ಮೈನಸ್ 75 ದಾಟಿದರೆ ಮೆಶ್ ಯೋಚಿಸಬಹುದು. ಹಾಗೆ ಕೊಳ್ಳುವಾಗ ಹಿಂಬದಿಯಲ್ಲಿ ಗಿಗಾಬಿಟ್ ಪೋರ್ಟು ಇದೆಯೇ, ಕೇಬಲ್ ಬ್ಯಾಕ್‌ಹಾಲ್ ಒಪ್ಪುತ್ತದೆಯೇ, ಟ್ರಾನ್ಸ್‌ಮಿಟ್ ಪವರ್ ತಗ್ಗಿಸಲು ಬಿಡುತ್ತದೆಯೇ ನೋಡಿ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಎಲ್ಲ ರೇಡಿಯೋಗಳ ಗರಿಷ್ಠವನ್ನು ಕೂಡಿಸಿದ್ದು, ಯಾವ ಮನೆಯಲ್ಲೂ ಅದು ಸಿಗುವುದಿಲ್ಲ. ಹಾಕಿದ ಮೇಲೆ ಆ್ಯಪ್‌ನ ಹಸಿರು ಚುಕ್ಕೆ ನಂಬಬೇಡಿ. ಮನೆಯಲ್ಲಿ ಯಾರು, ಎಲ್ಲಿ ಕೂತು, ಯಾವ ಹೊತ್ತಿಗೆ, ಯಾವ ಫೋನಿನಲ್ಲಿ ಬಳಸುತ್ತಾರೋ ಅಲ್ಲೇ ಕೂತು ಅಳೆಯಿರಿ, ಅಪ್‌ಲೋಡನ್ನೂ ಅಳೆಯಿರಿ. ಅದಕ್ಕೂ ಮೊದಲು ಅವರನ್ನು ಕೇಳಿ. ನಾನು ನಾಲ್ಕು ತಿಂಗಳು ಕೇಳಿರಲಿಲ್ಲ.

ಕೇಬಲ್ ಎಳೆದ ಸಂಜೆ ಅಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಅತ್ತೆಗೆ ಕಾಲ್ ಮಾಡಿದರು. ನಾನು ಊಟದ ಕೋಣೆಯಲ್ಲಿ ಉಳಿದ ತಂತಿಯ ಚೂರು ಗುಡಿಸುತ್ತಿದ್ದೆ. ಆ ಕಡೆಯಿಂದ ಅತ್ತೆಯ ಗಾಬರಿಯ ದನಿ ಕೇಳಿಸಿತು:

"ಎಂತ, ಇವತ್ತು ಮೆಟ್ಟಿಲಲ್ಲಿ ಇಲ್ವಾ? ಮಲಗಿದ್ದಿ ಯಾಕೆ? ಹುಷಾರಿಲ್ವಾ?"

"ಹುಷಾರುಂಟು ಅಕ್ಕ. ಮಗ ವಯರು ಎಳ್ದಿದ್ದಾನೆ."

"ಎಂತ ಎಳ್ದಿದ್ದಾನೆ?"

"ವಯರು!"

ಅತ್ತೆ ಒಂದು ಕ್ಷಣ ಸುಮ್ಮನಾಗಿ ಅಪ್ಪನ ಬಾಯಿಯನ್ನೇ ನೋಡಿರಬೇಕು. ಆಮೇಲೆ, "ಹಾಂ, ವಯರು. ಈಗ ಸರಿ ಕಾಣ್ತದೆ" ಎಂದರು.